ಹೊಸಬರಿಗೆ ಕುಲುಮೆ ತೆರೆಯುವುದು ಹೇಗೆ?

ಸಂಡೂರಿನ ಗುಡ್ಡದಲ್ಲಿ ಅದಿರು ಸಿಗುತ್ತದೆ. ತೋರಣಗಲ್ಲಿನಲ್ಲಿ ಅದು ಉಕ್ಕಾಗುತ್ತದೆ. ಅಲ್ಲಿಂದ ಅಷ್ಟೇನೂ ದೂರವಿಲ್ಲದ ಕೊಪ್ಪಳದ ಎಷ್ಟೋ ಹಳ್ಳಿಗಳಲ್ಲಿ ಒಂದು ಕುಡುಗೋಲು ಹಣಿಸಲು, ಅಂದರೆ ಕಾಯಿಸಿ ಬಡಿದು ಹರಿತ ಮಾಡಿಸಲು, ರೈತ ಪಕ್ಕದೂರಿಗೆ ಹೋಗಬೇಕು. ಕೆಲಸ ಬಲ್ಲ ಹಿರಿಯ ಕಮ್ಮಾರರು ಇಲ್ಲವೆಂದಲ್ಲ. ಅವರ ಎದುರು ನಿಂತು ಘಣ (ದೊಡ್ಡ ಸುತ್ತಿಗೆ) ಹೊಡೆಯುವವರು ಇಲ್ಲ. ಇನ್ನೊಂದು ಕಡೆ ಐಟಿಐ ಮುಗಿಸಿದವರು, ವೆಲ್ಡಿಂಗ್ ಅಂಗಡಿಯ ಹುಡುಗರು, ತಮ್ಮ ಸಲಿಕೆ ಗುದ್ದಲಿ ತಾವೇ ಸರಿಮಾಡಿಕೊಳ್ಳಬೇಕೆಂಬ ರೈತರು ಇದ್ದಾರೆ. ಅವರಿಗೆ ಯಾರ ಬಾಗಿಲು ತಟ್ಟಬೇಕೆಂದು ಗೊತ್ತಿಲ್ಲ.

ಈ ಎರಡೂ ಕಡೆಯವರನ್ನು ಒಂದೇ ಬೆಂಕಿಯ ಸುತ್ತ ಸೇರಿಸುವುದು ಕಷ್ಟವೇನಲ್ಲ. ಕಮ್ಮಾರಿಕೆ ಮೊದಲಿನಿಂದಲೂ ಒಬ್ಬರ ಕೆಲಸವಲ್ಲ. ಒಬ್ಬರು ಇಕ್ಕಳದಲ್ಲಿ ಕಬ್ಬಿಣ ಹಿಡಿದು ಸಣ್ಣ ಸುತ್ತಿಗೆಯಿಂದ ಜಾಗ ತೋರಿಸುತ್ತಾರೆ, ಇನ್ನೊಬ್ಬರು ಅಲ್ಲೇ ಘಣ ಇಳಿಸುತ್ತಾರೆ, ಮತ್ತೊಬ್ಬರು ಬೆಂಕಿಗೆ ಗಾಳಿ ಊದುವ ತಿದಿ ಒತ್ತುತ್ತಾರೆ. ಹಾಗಾಗಿ ಏನೂ ಬಾರದ ಹೊಸಬನೂ ಮೊದಲ ದಿನವೇ ಕೆಲಸಕ್ಕೆ ಬರುತ್ತಾನೆ. ಭಾಷಣ ಬೇಡ, ಕೈಗೆ ಘಣ ಕೊಡಿ.

ಮೊದಲು ಹಿರಿಯರನ್ನು ಕೇಳಿ

ಕಲಿಯುವವರು ಸಾಮಾನು ಕೊಳ್ಳುವ ಮೊದಲು ಊರಿನ ಕಮ್ಮಾರ ಅಜ್ಜನ ಹತ್ತಿರ ಹೋಗಿ ಕೂರಬೇಕು. ಎಷ್ಟು ಜನ ಬರಬಹುದು, ಯಾವ ದಿನ, ದಿನದ ಕೂಲಿ ಎಷ್ಟು ಎಂದು ಮೊದಲೇ ಮಾತಾಡಿ. ಹಿಂದೆ ಆಯದ ಲೆಕ್ಕವಿತ್ತು. ವರ್ಷವಿಡೀ ಹಣಿದು ಕೊಟ್ಟದ್ದಕ್ಕೆ ಸುಗ್ಗಿಯಲ್ಲಿ ಜೋಳ ಅಳೆದು ಕೊಡುತ್ತಿದ್ದರು. ಅದು ಬಹುಪಾಲು ನಿಂತುಹೋಗಿದೆ. ‘ಅಜ್ಜ ಪ್ರೀತಿಯಿಂದ ಕಲಿಸ್ತಾರೆ ಬಿಡು’ ಎಂದು ಬರಿಗೈಯಲ್ಲಿ ಹೋಗುವುದು ಸರಿಯಲ್ಲ. ಅವರು ನಿಮಗೆ ಕೊಡುವ ದಿನ ಅವರ ದುಡಿಮೆಯ ದಿನ.

ಒಂದು ಕುಲುಮೆಗೆ ನಾಲ್ಕೈದು ಜನ ಸಾಕು. ಜಾಸ್ತಿಯಾದರೆ ಅರ್ಧ ಜನ ಸುಮ್ನೆ ನಿಂತು ನೋಡುತ್ತಾರೆ, ಸಾಲದ್ದಕ್ಕೆ ಬಿಸಿ ಕಬ್ಬಿಣದ ದಾರಿಗೆ ಅಡ್ಡ ಬರುತ್ತಾರೆ. ಹೆಣ್ಣುಮಕ್ಕಳು ಬಂದರೆ ಹಿಂಜರಿಯಬೇಡಿ. ಕಮ್ಮಾರರ ಮನೆಗಳಲ್ಲಿ ತಿದಿ ಒತ್ತಿದವರು ಹೆಚ್ಚಾಗಿ ಅವರೇ. ಎಷ್ಟೋ ಕಡೆ ಘಣವನ್ನೂ ಹೊಡೆದಿದ್ದಾರೆ. ಇದು ಇಂಥ ಜಾತಿಯವರ ಕಸುಬು, ಉಳಿದವರಿಗೆ ಯಾಕೆ ಎಂಬ ಮಾತೂ ಬರಬಹುದು. ಕಸುಬನ್ನು ಇಷ್ಟು ಕಾಲ ಹೊತ್ತವರಿಗೆ ಹಣ, ಗೌರವ ಎರಡೂ ಸಲ್ಲಲಿ. ಆಮೇಲೆ ಬೆಂಕಿಯ ಮುಂದೆ ಯಾರಾದರೂ ಕೂರಲಿ.

ಕಾಲವನ್ನೂ ನೋಡಿ. ಮುಂಗಾರಿನ ಮುಂಚೆ ಕಮ್ಮಾರರಿಗೆ ಬಿಡುವಿರುವುದಿಲ್ಲ. ನಮ್ಮ ಕಡೆಯ ಬೇಸಿಗೆಯಲ್ಲಿ ಕುಲುಮೆಯ ಮುಂದೆ ಹೊಸಬರನ್ನು ಕೂರಿಸುವುದು ಶಿಕ್ಷೆಯೇ. ದೀಪಾವಳಿ ಮುಗಿದ ಮೇಲಿನ ತಂಪು ದಿನಗಳು ಒಳ್ಳೆಯವು. ಆಗ ಕಲಿತರೆ ಬಿಳಿಜೋಳದ ಕೊಯ್ಲಿನ ಹೊತ್ತಿಗೆ ಕುಡುಗೋಲು ಹಣಿಯಲು ಇನ್ನೊಂದು ಜೊತೆ ಕೈ ಸಿಗುತ್ತದೆ.

ಜಾಗ, ಸಾಮಾನು

ನೆರಳು, ಗಾಳಿ, ಮಣ್ಣಿನ ನೆಲ ಇವು ಮೂರೂ ಬೇಕು. ನೆರಳು ಬರೀ ತಂಪಿಗಲ್ಲ. ಬಿಸಿಲಿನಲ್ಲಿ ಕಬ್ಬಿಣದ ಬಣ್ಣ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಕೆಂಪಾಗಿದ್ದರೂ ಕಪ್ಪಾಗಿ ಕಾಣುತ್ತದೆ. ಸಿಮೆಂಟ್ ನೆಲ ಬೇಡ. ಕಾದ ಕಬ್ಬಿಣ ಬಿದ್ದರೆ ಅದರೊಳಗಿನ ತೇವ ಆವಿಯಾಗಿ ಸಿಮೆಂಟ್ ಸಿಡಿಯಬಹುದು.

ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು ಹಿರಿಯರದ್ದೇ ಇರುತ್ತದೆ. ಎರಡನೆಯದು ಬೇಕಾದರೆ ಹೊಸಪೇಟೆ, ಬಳ್ಳಾರಿಯ ಗುಜರಿ ಅಂಗಡಿಗಳಲ್ಲಿ ಲಾರಿ, ಗಣಿ ಯಂತ್ರಗಳ ದಪ್ಪ ಉಕ್ಕಿನ ತುಂಡು ಹುಡುಕಿ. 30-40 ಕೆ.ಜಿ. ತೂಗಿದರೆ ಸಾಕು. ರೈಲು ಹಳಿಯ ತುಂಡು ಇನ್ನೂ ಚೆನ್ನ. ಆದರೆ ಸರಿಯಾದ ಬಿಲ್ಲು ಇಲ್ಲದೆ ಅದನ್ನು ಮುಟ್ಟಲೇಬೇಡಿ. ರೈಲ್ವೆ ಆಸ್ತಿಯನ್ನು ಅಕ್ರಮವಾಗಿ ಇಟ್ಟುಕೊಳ್ಳುವುದು 1966ರ ಕಾಯ್ದೆಯ ಪ್ರಕಾರ ಅಪರಾಧ. ತುಂಡನ್ನು ಗಟ್ಟಿ ಮರದ ದಿಮ್ಮಿಯ ಮೇಲೆ ಅಲುಗಾಡದಂತೆ ಕೂರಿಸಿ. ನಿಂತು ಕೆಲಸ ಮಾಡುವವರಿಗೆ ಮುಷ್ಟಿ ಬಿಗಿದು ಕೈ ಇಳಿಬಿಟ್ಟರೆ ಗೆಣ್ಣು ತಾಗುವಷ್ಟು ಎತ್ತರವಿರಲಿ. ಅಜ್ಜನಂತೆ ಕುಳಿತು ಮಾಡುವವರಿಗೆ ದಿಮ್ಮಿಯನ್ನು ನೆಲದಲ್ಲಿ ಹೂಳಬೇಕು.

ಹೊಸಬರ ಸುತ್ತಿಗೆ ಒಂದು ಕೆ.ಜಿ. ಒಳಗಿರಲಿ. ಭಾರದ ಸುತ್ತಿಗೆ ಹಿಡಿದು ಶೂರತನ ತೋರಿಸಿದವರ ಮೊಣಕೈ ಸಂಜೆಗೆ ಹಿಡಿದುಕೊಳ್ಳುತ್ತದೆ. ಘಣ ಮೂರು ನಾಲ್ಕು ಕೆ.ಜಿ. ಇದ್ದರೆ ಸಾಕು. ಖರ್ಚು ಮಾಡುವುದಿದ್ದರೆ ಇಕ್ಕಳಕ್ಕೆ ಮಾಡಿ. ಸಡಿಲ ಇಕ್ಕಳದಿಂದ ಕಾದ ಕಬ್ಬಿಣ ಜಾರಿ ಹಾರುತ್ತದೆ. ಕುಲುಮೆಯಲ್ಲಿ ಅದಕ್ಕಿಂತ ಅಪಾಯ ಇನ್ನೊಂದಿಲ್ಲ. ಕಂಬಿಯ ದಪ್ಪಕ್ಕೆ ಒಂದು, ಪಟ್ಟಿಗೆ ಒಂದು, ಹೀಗೆ ಬಾಯಿ ಸರಿಯಾಗಿ ಕೂರುವ ಎರಡು ಇಕ್ಕಳ ಬೇಕೇ ಬೇಕು.

ಹಂಚಿಕೊಳ್ಳುವಾಗ ಒಂದು ನಿಯಮವಿರಲಿ. ಇಕ್ಕಳ, ಕಬ್ಬಿಣ ಕಡಿಯುವ ಚಾಣ, ಘಣ ಎಲ್ಲರದ್ದು. ಹಿರಿಯರ ಕೈ ಸುತ್ತಿಗೆ ಮತ್ತು ಅರ ಅವರದ್ದೇ, ಕೇಳದೆ ಮುಟ್ಟಬಾರದು. ವರ್ಷಗಟ್ಟಲೆ ಒಂದೇ ಕೈಗೆ ಹೊಂದಿಕೊಂಡ ಸುತ್ತಿಗೆಯ ಮುಖ ಒಂದು ತಪ್ಪು ಏಟಿಗೆ ಹಾಳಾಗುತ್ತದೆ. ಸುತ್ತಿಗೆಯಿಂದ ಸುತ್ತಿಗೆಗೆ ಎಂದೂ ಹೊಡೆಯಬೇಡಿ. ಎರಡೂ ಹದ ಕೊಟ್ಟು ಗಟ್ಟಿ ಮಾಡಿದ ಉಕ್ಕು, ಚೂರು ಸಿಡಿದು ಕಣ್ಣಿಗೆ ಬೀಳಬಹುದು.

ಬೆಂಕಿ

ಇದ್ದಿಲಿಗೆ ನಮ್ಮ ಕಡೆ ಬರವಿಲ್ಲ. ಬಯಲಿಗೆಲ್ಲ ಹಬ್ಬಿ ರೈತರ ತಲೆನೋವಾಗಿರುವ ಬಳ್ಳಾರಿ ಜಾಲಿಯ ಇದ್ದಿಲು ಗಟ್ಟಿಯಾಗಿ ಉರಿಯುತ್ತದೆ. ನಿಂಬೆಹಣ್ಣಿನ ಗಾತ್ರಕ್ಕೆ ಒಡೆದು, ಪುಡಿ ಜರಡಿ ಹಿಡಿದು ಹಾಕಿ. ಗಾಳಿ ಹದವಾಗಿರಲಿ. ಕಬ್ಬಿಣವನ್ನು ಗಾಳಿ ಬರುವ ಬಾಯಿಗೆ ಚುಚ್ಚಬೇಡಿ, ಅಲ್ಲಿ ಅದು ತೊಗಟೆ ಕಟ್ಟಿ ಸವೆಯುತ್ತದೆ. ಕೆಂಡದ ನಡುವೆ ಮಲಗಿಸಿ, ಮೇಲೆ ಒಂದಿಷ್ಟು ಕೆಂಡ ಮುಚ್ಚಿ.

ನೂಲಿನ ಬಟ್ಟೆಯನ್ನೇ ಹಾಕಿ. ನೈಲಾನ್, ಪಾಲಿಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಚಪ್ಪಲಿ ಬೇಡ, ಬೂಟು ಬೇಕು. ಕಣ್ಣಿಗೆ ಕನ್ನಡಕ ಬೇಕು. ಕೈ ಸುಟ್ಟುಕೊಳ್ಳುವುದು ಹೆಚ್ಚಾಗಿ ಕೆಂಪು ಕಬ್ಬಿಣದಿಂದಲ್ಲ, ಆರಿದಂತೆ ಕಾಣುವ ಕಪ್ಪು ಕಬ್ಬಿಣದಿಂದ. ನೆಲದ ಮೇಲಿನ ಯಾವ ತುಂಡನ್ನೂ ನೇರ ಎತ್ತಬೇಡಿ. ಮೊದಲು ಅಂಗೈ ಹಿಂಭಾಗವನ್ನು ಹತ್ತಿರ ಒಯ್ದು ಬಿಸಿ ನೋಡಿ. ಸತುವಿನ ಲೇಪವಿರುವ ಪೈಪು, ತಗಡು ಬೆಂಕಿಗೆ ಹಾಕಬೇಡಿ, ಅದರ ಹೊಗೆ ಜ್ವರ ತರಿಸುತ್ತದೆ. ಎರಡೂ ತುದಿ ಮುಚ್ಚಿದ ಕೊಳವೆ, ಹಳೆಯ ಶಾಕ್ ಅಬ್ಸಾರ್ಬರ್ ಬೆಂಕಿಯಲ್ಲಿ ಸ್ಫೋಟವಾಗುತ್ತವೆ. ಸುಟ್ಟರೆ 20 ನಿಮಿಷ ಹರಿಯುವ ನೀರಿಗೆ ಹಿಡಿಯಿರಿ. ಪೇಸ್ಟು, ಅರಿಶಿನ ಹಚ್ಚಬೇಡಿ.

ಮೊದಲ ಕೆಲಸ: ಒಂದು ಕೊಂಡಿ

ಬಂದವರೆಲ್ಲ ಕತ್ತಿ, ಮಚ್ಚು ಮಾಡಬೇಕೆನ್ನುತ್ತಾರೆ. ಕೊಡಬೇಡಿ. ದನದ ಹಗ್ಗ, ಲಾಟೀನು, ಬುಟ್ಟಿ ತೂಗುಹಾಕುವ ಒಂದು ಕೊಂಡಿ ಮಾಡಿಸಿ. ಕಮ್ಮಾರಿಕೆಯ ಮುಖ್ಯ ಪಾಠಗಳೆಲ್ಲ ಅದರಲ್ಲಿವೆ.

ಎಂಟು ಅಥವಾ ಹತ್ತು ಎಂ.ಎಂ.ನ ನುಣುಪು ಕಂಬಿ ತಗೊಳ್ಳಿ. ಮನೆ ಕಟ್ಟುವ ಟಿಎಂಟಿ ಕಂಬಿ ಬೇಡ. ಅದರ ಹೊರಪದರಕ್ಕೆ ಆಗಲೇ ಹದ ಕೊಟ್ಟಿರುತ್ತಾರೆ, ಮೇಲಿನ ಗೆರೆಗಳು ಬಡಿಯುವಾಗ ಮಡಿಚಿಕೊಂಡು ಬಿರುಕಾಗುತ್ತವೆ. ಇಕ್ಕಳ ಬೇಡದಷ್ಟು ಉದ್ದವಿದ್ದರೆ ಹೊಸಬರಿಗೆ ಧೈರ್ಯ.

ತುದಿಯನ್ನು ಕಾಯಿಸಿ ಬಣ್ಣ ತೋರಿಸಿ. ಮೊದಲು ಮಂಕು ಕೆಂಪು, ಆಮೇಲೆ ಹೊಳೆಯುವ ಕೆಂಪು, ಕಿತ್ತಳೆ, ಹಳದಿ. ಬೆಳ್ಳಗಾಗಿ ಕಿಡಿ ಹಾರಿದರೆ ಕಬ್ಬಿಣ ಉರಿಯುತ್ತಿದೆ ಎಂದು ಅರ್ಥ, ಆ ತುದಿ ಹೋಯಿತು. ಕಿತ್ತಳೆ ಹಳದಿಯ ನಡುವೆ ತೆಗೆದು ಬಡಿಯಬೇಕು. ಕೆಂಪು ಮಂಕಾದ ಕೂಡಲೇ ನಿಲ್ಲಿಸಬೇಕು. ಇದೊಂದೇ ಹೊಸಬರಿಗೆ ಒಗ್ಗದ ಮಾತು. ಇನ್ನೆರಡು ಏಟು ಎನ್ನುವ ಆಸೆ ಬಿಡುವುದಿಲ್ಲ. ಆಗ ಹಿರಿಯರು, ‘ತಮ್ಮಾ, ಕರ್ರಗಾತು, ಒಲಿಗೆ ಹಾಕು’ ಎನ್ನುತ್ತಲೇ ಇರಬೇಕು.

ಮೊನೆ ತೆಗೆಯುವಾಗ ದುಂಡು ಕಂಬಿಯನ್ನು ದುಂಡಗೇ ಬಡಿಯಲು ಹೋದರೆ ನಡುವೆ ಸೀಳುತ್ತದೆ. ಮೊದಲು ಚೌಕ ಮಾಡಿ. ಒಂದು ಮಗ್ಗುಲು ಬಡಿದು, ಕಾಲು ಸುತ್ತು ತಿರುಗಿಸಿ ಇನ್ನೊಂದು ಮಗ್ಗುಲು. ಚೌಕವಾಗಿಯೇ ತುದಿಗೆ ಸಪೂರ ಮಾಡುತ್ತಾ ಹೋಗಿ. ಬೇಕಾದಷ್ಟು ಸಪೂರವಾದ ಮೇಲೆ ಮೂಲೆಗಳನ್ನು ಬಡಿದು ಎಂಟು ಮಗ್ಗುಲು ಮಾಡಿ. ಕೊನೆಗೆ ಹಗುರ ಏಟಿನಿಂದ ದುಂಡು ಮಾಡಿ. ಈ ಕ್ರಮ ಒಮ್ಮೆ ಕೈಗೆ ಹತ್ತಿದರೆ ಹಾರೆಯ ಮೊನೆಗೂ ಅದೇ, ಚಾಣಕ್ಕೂ ಅದೇ.

ಮತ್ತೆ ಕಾಯಿಸಿ, ಅಡಿಗಲ್ಲಿನ ಅಂಚಿನಾಚೆ ಚಾಚಿ, ಮೇಲಿನಿಂದ ಹಗುರವಾಗಿ ಬಡಿದು ಬಾಗಿಸಿ. ಬಾಗಿಸಲು ಜೋರು ಬೇಡ, ಬಿಸಿ ಬೇಕು. ಇನ್ನೊಂದು ತುದಿಯನ್ನು ಚಾಣದಿಂದ ಕಡಿದು, ಅದಕ್ಕೂ ಹಾಗೇ ಮೊನೆ ತೆಗೆದು, ಎದುರು ದಿಕ್ಕಿಗೆ ಬಾಗಿಸಿದರೆ ಕೊಂಡಿ ಆಯಿತು. ಅದನ್ನು ಮನೆಗೆ ಒಯ್ಯಲಿ.

ಘಣ ಹೊಡೆಯುವಾಗ

ಇಬ್ಬರ ನಡುವೆ ಸನ್ನೆಗಳನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಸಣ್ಣ ಸುತ್ತಿಗೆ ಎಲ್ಲಿ ಬೀಳುತ್ತದೋ ಘಣ ಅಲ್ಲೇ ಬೀಳಬೇಕು. ಸಣ್ಣ ಸುತ್ತಿಗೆ ಬರೀ ಅಡಿಗಲ್ಲಿನ ಮೇಲೆ ಟಣ್ ಎಂದರೆ ನಿಲ್ಲಿಸು ಎಂದು. ಘಣ ಹಿಡಿದವರು ಇಕ್ಕಳ ಹಿಡಿದವರ ನೇರ ಎದುರು ನಿಲ್ಲಬಾರದು, ಓರೆಯಾಗಿ ನಿಲ್ಲಬೇಕು. ಹಿಡಿ ಸಡಿಲವಾದ ಘಣ ಕೈಯಿಂದ ಹಾರಿದರೂ ಎದುರಿನವರ ಮೈಮೇಲೆ ಹೋಗಬಾರದು. ಮೊದಲು ತಣ್ಣನೆಯ ಮರದ ದಿಮ್ಮಿಯ ಮೇಲೆ ತಾಳ ಹಿಡಿಸಿ. ತಾಳ ಕೂಡಿದಾಗ ಕೆಲಸ ಅರ್ಧ ಹೊತ್ತಿಗೆ ಮುಗಿಯುತ್ತದೆ. ಮಾತೇ ಆಡದೆ ಇಬ್ಬರು ಅಪರಿಚಿತರು ಒಬ್ಬರನ್ನೊಬ್ಬರು ನಂಬುವುದನ್ನೂ ಕಲಿಯುತ್ತಾರೆ. ಕುಲುಮೆಯ ಗೆಳೆತನ ಬೇರೆ ಗೆಳೆತನದಂತಲ್ಲ ಎಂದು ನಾನು ನಂಬಿರುವುದು ಇದಕ್ಕೇ.

ಆಮೇಲೆ ಕಳೆ ತೆಗೆಯುವ ಕುರ್ಪಿ

ಎರಡನೇ ಕೂಟಕ್ಕೆ ಲಾರಿಯ ಹಳೆಯ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ತನ್ನಿ. ಬಿರುಕಿದ್ದರೆ ಬೇಡ. ಮೆದು ಕಂಬಿಯಲ್ಲಿ ಇಂಗಾಲ ಶೇ 0.2ರ ಆಸುಪಾಸು, ಅದಕ್ಕೆ ಹದ ಹಿಡಿಯುವುದಿಲ್ಲ. ಕಮಾನು ಪಟ್ಟಿಯಲ್ಲಿ ಶೇ 0.5ರಿಂದ 0.6 ಇರುತ್ತದೆ, ಅದಕ್ಕೇ ಅಲಗು ನಿಲ್ಲುತ್ತದೆ.

ಆಕಾರ ಬಂದ ಮೇಲೆ ಅಲಗನ್ನು ಕೆಂಪಗೆ ಕಾಯಿಸಿ ಅಯಸ್ಕಾಂತಕ್ಕೆ ತಾಗಿಸಿ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಉಕ್ಕು ಅಯಸ್ಕಾಂತಕ್ಕೆ ಹಿಡಿಯುವುದಿಲ್ಲ. ಅದಕ್ಕಿಂತ ತುಸು ಜಾಸ್ತಿ ಕಾಯಿಸಿ ಎಣ್ಣೆಯಲ್ಲಿ ಅದ್ದಿ. ಡಬ್ಬಕ್ಕೆ ಮುಚ್ಚಳ ಹತ್ತಿರವಿರಲಿ, ಎಣ್ಣೆ ಹೊತ್ತಿಕೊಂಡರೆ ಮುಚ್ಚಬೇಕು, ನೀರು ಸುರಿಯಬಾರದು. ಅನುಭವಿಗಳು ಅಲಗಿನ ಅಂಚನ್ನಷ್ಟೇ ನೀರಿಗೆ ಅದ್ದುತ್ತಾರೆ. ಹೊಸಬರು ಹಾಗೆ ಮಾಡಿದರೆ ಸೀಳುವುದೇ ಹೆಚ್ಚು.

ಈಗ ಅಲಗು ಗಾಜಿನಷ್ಟು ಪೆಡಸು. ಕಲ್ಲಿನಿಂದ ಉಜ್ಜಿ ಹೊಳಪು ಬರಿಸಿ, ಹಿಂಬದಿಯಿಂದ ಮೆಲ್ಲಗೆ ಕಾಯಿಸಿ. ಬಣ್ಣಗಳು ಓಡಿ ಬರುತ್ತವೆ. 220-230 ಡಿಗ್ರಿಗೆ ತೆಳು ಹಳದಿ, ಆಮೇಲೆ ಕಂದು, 280ಕ್ಕೆ ನೇರಳೆ, 300ಕ್ಕೆ ನೀಲಿ. ಕಲ್ಲುಮಣ್ಣಿಗೆ ತಾಗುವ ಕುರ್ಪಿಗೆ ಕಂದು ದಾಟಿ ನೇರಳೆ ಬರುವಾಗ ನಿಲ್ಲಿಸುವುದು ಒಳ್ಳೆಯದು. ಹಳದಿಗೇ ನಿಲ್ಲಿಸಿದರೆ ಹರಿತ ಹೆಚ್ಚು, ಆದರೆ ಕಲ್ಲಿಗೆ ಬಡಿದಾಗ ಚಕ್ಕೆ ಏಳುತ್ತದೆ.

ಕೂಟ ಮುಂದುವರಿಯಲು

ಪ್ರತಿ ಸಲ ಊರಿನವರಿಗೆ ಹೇಳಿ, ಮುರಿದ ಕುಂಟೆಯ ಕುಡ, ಮೊಂಡಾದ ಕೊಡಲಿ ತರಲಿ. ಹೊಸಬರಿಗೆ ನಿಜವಾದ ಕೆಲಸ ಸಿಗುತ್ತದೆ, ಬಂದ ಹಣ ಅಜ್ಜನಿಗೆ ಹೋಗುತ್ತದೆ. ಇದ್ದಿಲಿನ ಖರ್ಚು ಎಲ್ಲರೂ ಹಂಚಿಕೊಳ್ಳಲಿ. ಮಧ್ಯಾಹ್ನ ರೊಟ್ಟಿ ಬುತ್ತಿ ಒಟ್ಟಿಗೆ ಬಿಚ್ಚಿ. ಯಾವ ಉಕ್ಕು ಕೈಕೊಟ್ಟಿತು, ಯಾವುದು ನಿಂತಿತು ಎಂಬ ಮಾತು ಬರುವುದು ಊಟದ ಹೊತ್ತಿಗೇ.

ಹಿರಿಯ ಕಮ್ಮಾರರಿಗೆ ಪಿಎಂ ವಿಶ್ವಕರ್ಮ ಯೋಜನೆಯ ಅರ್ಜಿ ಹಾಕಲು ಹುಡುಗರು ನೆರವಾಗಬಹುದು. 2023ರ ಸೆಪ್ಟೆಂಬರ್ 17ರಂದು ಶುರುವಾದ ಈ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ. ತರಬೇತಿಯ ಜೊತೆಗೆ ಸಲಕರಣೆಗೆ 15,000 ರೂಪಾಯಿವರೆಗೆ ನೆರವಿದೆ. ಕಾಗದಪತ್ರದ ಕೆಲಸ ಹುಡುಗರಿಗೆ ಸುಲಭ, ಅಜ್ಜನಿಗೆ ಅಲ್ಲ.

ಮೊದಲ ತಂಡದಲ್ಲಿ ಕೊಂಡಿ ಮಾಡಿದವರು ಎರಡನೇ ತಂಡಕ್ಕೆ ಕೊಂಡಿ ಕಲಿಸಲಿ. ಅಜ್ಜ ಪಕ್ಕದಲ್ಲಿ ಕೂತು ತಿದ್ದಲಿ. ಸಂಜೆ ಹೋಗುವ ಮುನ್ನ ಇಕ್ಕಳ, ಚಾಣಗಳನ್ನು ಎಣಿಸಿ, ಒರೆಸಿ, ಎಣ್ಣೆ ಸವರಿ ಇಡಿ. ಯಾರಾದರೂ ಮನೆಗೆ ಒಯ್ದರೆ ಅಲ್ಲೇ ಒಂದು ವಹಿಯಲ್ಲಿ ಹೆಸರು ಬರೆದು ಹೋಗಲಿ, ಮುಂದಿನ ಕೂಟಕ್ಕೆ ವಾಪಸ್ ತರಲಿ.