ಐಐಟಿ ಮದ್ರಾಸ್‌ನ ಡೇಟಾ ಸೈನ್ಸ್ ಡಿಗ್ರಿ: ಸೇರುವುದು ಹೇಗೆ, ಮುಗಿಸುವುದು ಹೇಗೆ?

ಜೆಇಇ ಬರೆಯದೆಯೂ ಐಐಟಿಯಲ್ಲಿ ಡಿಗ್ರಿ ಮಾಡಬಹುದು ಅಂದರೆ ಈಗಲೂ ಕೆಲವರು ನಂಬುವುದಿಲ್ಲ. ಐಐಟಿ ಮದ್ರಾಸ್ 2020ರಲ್ಲೇ ಇಂಥದ್ದೊಂದು ಕೋರ್ಸ್ ಘೋಷಿಸಿತು. ಈಗ ಅದರ ಹೆಸರು ‘ಬಿ.ಎಸ್. ಇನ್ ಡೇಟಾ ಸೈನ್ಸ್ ಆ್ಯಂಡ್ ಅಪ್ಲಿಕೇಶನ್ಸ್’. ಪಾಠವೆಲ್ಲ ಆನ್‌ಲೈನ್, ಮುಖ್ಯ ಪರೀಕ್ಷೆಗಳನ್ನು ಮಾತ್ರ ಸೆಂಟರ್‌ಗೆ ಹೋಗಿ ಬರೆಯಬೇಕು. ಸೇರುವುದು ಸುಲಭ ಎಂಬ ಸುದ್ದಿ ಎಲ್ಲ ಕಡೆ ಹಬ್ಬಿದೆ. ಆದರೆ ಇಲ್ಲಿ ಬಾಗಿಲು ದೊಡ್ಡದಾಗಿದ್ದರೂ ಒಳಗಿನ ಮೆಟ್ಟಿಲು ಕಡಿದಾಗಿವೆ. ಅದಕ್ಕೇ ಅರ್ಜಿ ಹಾಕುವ ಮೊದಲು ಪೂರ್ತಿ ರಚನೆ ತಿಳಿದುಕೊಳ್ಳಿ.

ಮೊದಲು ಅರ್ಹತೆ ನೋಡಿಕೊಳ್ಳಿ

12ನೇ ತರಗತಿ ಅಥವಾ ಅದಕ್ಕೆ ಸಮನಾದ ಪರೀಕ್ಷೆ ಪಾಸಾಗಿರಬೇಕು. 10ನೇ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಓದಿರಬೇಕು. ಪಿಯುಸಿಯಲ್ಲಿ ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದಾದರೂ ಸರಿ. ವಯಸ್ಸಿನ ಮಿತಿ ಇಲ್ಲ. ಬೇರೆ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿರುವವರು, ಕೆಲಸದಲ್ಲಿರುವವರು ಕೂಡ ಸೇರಬಹುದು.

ಕ್ವಾಲಿಫೈಯರ್ ದಾಟುವುದು

ಎಂಟ್ರೆನ್ಸ್ ಪರೀಕ್ಷೆ ಅಂದರೆ ನಮಗೆ ಗೊತ್ತಿರುವುದು ಒಂದೇ ದಿನದ ಆಟ. ಇಲ್ಲಿ ಹಾಗಲ್ಲ. ಮೊದಲು ನಾಲ್ಕು ವಾರ ಅವರೇ ಪಾಠ ಮಾಡುತ್ತಾರೆ. ಗಣಿತ, ಸ್ಟ್ಯಾಟಿಸ್ಟಿಕ್ಸ್, ಕಂಪ್ಯುಟೇಶನಲ್ ಥಿಂಕಿಂಗ್, ಇಂಗ್ಲಿಷ್ ಎಂದು ನಾಲ್ಕು ವಿಷಯ. ಪ್ರತಿ ವಾರ ಅಸೈನ್‌ಮೆಂಟ್ ಇರುತ್ತದೆ. ಅದರಲ್ಲಿ ಸಾಕಷ್ಟು ಅಂಕ ಬಂದರೆ ಮಾತ್ರ ಕ್ವಾಲಿಫೈಯರ್ ಪರೀಕ್ಷೆಗೆ ಕೂರಿಸುತ್ತಾರೆ. ಆ ನಾಲ್ಕು ವಾರ ಕಲಿಸಿದ್ದರ ಮೇಲೆಯೇ ಪ್ರಶ್ನೆ. ಕೋಚಿಂಗ್ ಸೆಂಟರ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ.

ಸಾಮಾನ್ಯ ವರ್ಗದವರು ಪ್ರತಿ ವಿಷಯದಲ್ಲಿ ಕನಿಷ್ಠ 40, ಒಟ್ಟು ಸರಾಸರಿ 50 ಅಂಕ ತೆಗೆಯಬೇಕು. ಮೀಸಲಾತಿ ಇರುವವರಿಗೆ ಇದಕ್ಕಿಂತ ಕಡಿಮೆ ಸಾಕು. ಸೀಟು ಇಷ್ಟೇ ಎಂಬ ಲೆಕ್ಕವಿಲ್ಲ, ರ‍್ಯಾಂಕ್ ಪಟ್ಟಿಯೂ ಇಲ್ಲ. ಪಾಸಾದವರೆಲ್ಲ ಒಳಗೆ. ಜೆಇಇ ಅಡ್ವಾನ್ಸ್ಡ್‌ಗೆ ಅರ್ಹತೆ ಪಡೆದವರಿಗೆ ಈ ಹಂತ ಬಿಟ್ಟು ನೇರವಾಗಿ ಮುಂದೆ ಹೋಗುವ ದಾರಿಯೂ ಇದೆ.

ಫೌಂಡೇಶನ್: ಇಲ್ಲೇ ಜಾಸ್ತಿ ಹುಷಾರಾಗಿರಿ

ಇಡೀ ಡಿಗ್ರಿಗೆ 142 ಕ್ರೆಡಿಟ್ ಬೇಕು (ಕ್ರೆಡಿಟ್ ಅಂದರೆ ಒಂದು ಕೋರ್ಸ್‌ನ ತೂಕದ ಲೆಕ್ಕ). ಅದರಲ್ಲಿ 32 ಮೊದಲ ಹಂತವಾದ ಫೌಂಡೇಶನ್‌ನದು. ತಲಾ ನಾಲ್ಕು ಕ್ರೆಡಿಟ್‌ನ ಎಂಟು ಕೋರ್ಸ್: ಎರಡು ಗಣಿತ, ಎರಡು ಸ್ಟ್ಯಾಟಿಸ್ಟಿಕ್ಸ್, ಎರಡು ಇಂಗ್ಲಿಷ್, ಜೊತೆಗೆ ಕಂಪ್ಯುಟೇಶನಲ್ ಥಿಂಕಿಂಗ್ ಮತ್ತು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ. ಎಂಟೂ ಪಾಸಾಗದೆ ಮುಂದಿನ ಹಂತಕ್ಕೆ ಬಿಡುವುದಿಲ್ಲ.

ಮೊದಲ ಗಣಿತದಲ್ಲಿ ಸೆಟ್, ಫಂಕ್ಷನ್, ಸರಳ ರೇಖೆ, ವರ್ಗ ಸಮೀಕರಣ, ಲಾಗರಿದಮ್, ಗ್ರಾಫ್ ಬರುತ್ತವೆ. ಪಿಯುಸಿ ಸೈನ್ಸ್ ಓದಿದವರಿಗೆ ಅರ್ಧದಷ್ಟು ಗೊತ್ತಿರುವುದೇ. ಎರಡನೇ ಗಣಿತಕ್ಕೆ ಬಂದಾಗ ಮ್ಯಾಟ್ರಿಕ್ಸ್, ವೆಕ್ಟರ್ ಸ್ಪೇಸ್, ಕ್ಯಾಲ್ಕುಲಸ್ ಒಟ್ಟಿಗೆ ಎದುರಾಗುತ್ತವೆ. ಆರ್ಟ್ಸ್‌ನಿಂದ ಬಂದವರಿಗೆ ಇದು ನಿಜಕ್ಕೂ ಏರು ದಾರಿ. ನನ್ನ ಸಲಹೆ ಇಷ್ಟೇ: ಅರ್ಜಿ ಹಾಕುವ ಮೊದಲು ಪಿಯುಸಿ ಗಣಿತದ ಪುಸ್ತಕ ತೆಗೆದು ಫಂಕ್ಷನ್, ಮ್ಯಾಟ್ರಿಕ್ಸ್, ಪ್ರಾಬಬಿಲಿಟಿ ಪಾಠದ ಲೆಕ್ಕಗಳನ್ನು ಕೈಯಾರೆ ಮಾಡಿ. ವಿಡಿಯೊ ನೋಡಿದರೆ ಅರ್ಥವಾದಂತೆ ಅನಿಸುತ್ತದೆ, ಪೆನ್ನು ಹಿಡಿದಾಗಲೇ ನಿಜ ಗೊತ್ತಾಗುವುದು.

ಕೋಡ್ ಬರೆದು ಗೊತ್ತಿಲ್ಲ ಎಂಬ ಹೆದರಿಕೆ ಬೇಡ. ಕಂಪ್ಯುಟೇಶನಲ್ ಥಿಂಕಿಂಗ್‌ನಲ್ಲಿ ಕಂಪ್ಯೂಟರ್ ಭಾಷೆಯೇ ಇಲ್ಲ. ವಿದ್ಯಾರ್ಥಿಗಳ ಅಂಕ, ಅಂಗಡಿ ಬಿಲ್ಲು ಬರೆದ ಕಾರ್ಡುಗಳನ್ನು ಒಂದೊಂದಾಗಿ ತಿರುವಿ ಹಾಕುತ್ತಾ ‘ಅತಿ ಹೆಚ್ಚು ಅಂಕ ಯಾರದ್ದು?’ ಎಂಬಂಥ ಪ್ರಶ್ನೆಗೆ ಹಂತ ಹಂತವಾಗಿ ಉತ್ತರ ಹುಡುಕುವುದು. ಇದಾದ ಮೇಲೆ ಪೈಥಾನ್. ಅದರ ಪ್ರೋಗ್ರಾಮಿಂಗ್ ಪರೀಕ್ಷೆ ಕ್ಯಾಮೆರಾ ಮುಂದೆ, ಆನ್‌ಲೈನ್‌ನಲ್ಲೇ ನಡೆಯುತ್ತದೆ. ವಿದ್ಯಾರ್ಥಿಗಳ ಬಾಯಲ್ಲಿ ಅದು ‘ಒಪ್ಪೆ’ (OPPE). ಆ ಹೊತ್ತಿಗೆ ಒಳ್ಳೆಯ ಇಂಟರ್‌ನೆಟ್ ಇರುವ ಜಾಗ ನೋಡಿಟ್ಟುಕೊಳ್ಳಿ.

ಟರ್ಮ್ ಲೆಕ್ಕ ಹಾಕುವುದು

ವರ್ಷಕ್ಕೆ ಮೂರು ಟರ್ಮ್: ಜನವರಿ, ಮೇ, ಸೆಪ್ಟೆಂಬರ್. ಪ್ರತಿ ಟರ್ಮ್‌ನಲ್ಲಿ 12 ವಾರ ಪಾಠ, ವಾರವಾರ ಅಸೈನ್‌ಮೆಂಟ್, ನಡುವೆ ಕ್ವಿಜ್, ಕೊನೆಗೆ ಎಂಡ್ ಟರ್ಮ್. ಒಂದು ಟರ್ಮ್‌ಗೆ ಹೆಚ್ಚೆಂದರೆ ನಾಲ್ಕು ಕೋರ್ಸ್. ಒಂದು ಕೋರ್ಸ್‌ಗೆ ವಾರಕ್ಕೆ ಸುಮಾರು 10 ಗಂಟೆ ಬೇಕು. ನಾಲ್ಕು ತೆಗೆದುಕೊಂಡರೆ 40 ಗಂಟೆ, ಅಂದರೆ ಪೂರ್ತಿ ಉದ್ಯೋಗದಷ್ಟೇ ಹೊತ್ತು. ಬೇರೆ ಕಾಲೇಜು ಅಥವಾ ಕೆಲಸ ಇದ್ದವರು ಎರಡಕ್ಕೆ ನಿಲ್ಲಿಸುವುದು ಒಳ್ಳೆಯದು. ಗೆಳೆಯರು ನಾಲ್ಕು ತೆಗೆದುಕೊಂಡರು ಅಂತ ನೀವೂ ತೆಗೆದುಕೊಳ್ಳಬೇಕಿಲ್ಲ ಅಲ್ವಾ? ಫೇಲ್ ಆದ ಕೋರ್ಸ್‌ಗೆ ಮತ್ತೆ ಶುಲ್ಕ ಕಟ್ಟಬೇಕು. ಡಿಗ್ರಿ ಮುಗಿಸಲು ಎಂಟು ವರ್ಷದವರೆಗೆ ಸಮಯ ಇದೆ.

ಡಿಪ್ಲೊಮಾ: ಎರಡು ಭಾಗ

ಫೌಂಡೇಶನ್ ನಂತರದ ಈ ಹಂತದಲ್ಲಿ ತಲಾ 27 ಕ್ರೆಡಿಟ್‌ನ ಎರಡು ಡಿಪ್ಲೊಮಾ ಇವೆ. ಪ್ರೋಗ್ರಾಮಿಂಗ್ ಡಿಪ್ಲೊಮಾದಲ್ಲಿ ಡೇಟಾಬೇಸ್, ಡೇಟಾ ಸ್ಟ್ರಕ್ಚರ್, ಜಾವಾ, ಲಿನಕ್ಸ್ ಕಮಾಂಡ್‌ಗಳ ಜೊತೆಗೆ ವೆಬ್ ಆ್ಯಪ್ ಕಟ್ಟುವ ಎರಡು ಕೋರ್ಸ್, ಎರಡು ಪ್ರಾಜೆಕ್ಟ್. ಆ್ಯಪ್ ಮಾಡಿ ಕಳುಹಿಸಿದರೆ ಮುಗಿಯಲಿಲ್ಲ, ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ನಿಮ್ಮದೇ ಕೋಡ್ ತೋರಿಸಿ ‘ಇದನ್ನು ಯಾಕೆ ಹೀಗೆ ಬರೆದಿರಿ?’ ಎಂದು ಕೇಳುತ್ತಾರೆ.

ಡೇಟಾ ಸೈನ್ಸ್ ಡಿಪ್ಲೊಮಾದ ತಿರುಳು ಮಷೀನ್ ಲರ್ನಿಂಗ್, ಅಂದರೆ ಡೇಟಾ ನೋಡಿ ಕಂಪ್ಯೂಟರ್ ತಾನೇ ಕಲಿಯುವಂತೆ ಮಾಡುವುದು. ಫೌಂಡೇಶನ್‌ನ ಗಣಿತವನ್ನು ಹೇಗೋ ದಾಟಿ ಬಂದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಅದೇ ವೆಕ್ಟರ್, ಅದೇ ಪ್ರಾಬಬಿಲಿಟಿ ಮತ್ತೆ ಎದುರು ನಿಲ್ಲುತ್ತವೆ.

ನನಗೆ ತುಂಬಾ ಇಷ್ಟವಾದದ್ದು ಬಿಸಿನೆಸ್ ಡೇಟಾ ಮ್ಯಾನೇಜ್‌ಮೆಂಟ್ ಪ್ರಾಜೆಕ್ಟ್. ನಿಜವಾದ ಒಂದು ವ್ಯಾಪಾರದಿಂದ ಡೇಟಾ ತಂದು, ಅದರ ಒಂದು ಸಮಸ್ಯೆಗೆ ಪರಿಹಾರ ಹುಡುಕಬೇಕು. ನಿಮ್ಮ ಬೀದಿಯ ದಿನಸಿ ಅಂಗಡಿ, ಬೇಕರಿ, ಮೆಡಿಕಲ್ ಶಾಪ್ ಆದರೂ ನಡೆಯುತ್ತದೆ. ಕಷ್ಟ ಏನೆಂದರೆ, ಲೆಕ್ಕದ ಪುಸ್ತಕವನ್ನು ಅಂಗಡಿಯವರು ಸುಲಭವಾಗಿ ಕೈಗೆ ಕೊಡುವುದಿಲ್ಲ. ಪರಿಚಯದವರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಟರ್ಮ್ ಶುರುವಾದ ಮೇಲೆ ಹುಡುಕಲು ಹೊರಟರೆ ತಡವಾಗುತ್ತದೆ.

ಡಿಗ್ರಿ ಹಂತ ಮತ್ತು ಹೊರಬರುವ ದಾರಿ

ಎರಡೂ ಡಿಪ್ಲೊಮಾ ಮುಗಿದರೆ ಫೌಂಡೇಶನ್ ಸೇರಿ 86 ಕ್ರೆಡಿಟ್. ಇನ್ನೂ 28 ಸೇರಿ 114 ಆದರೆ ಬಿ.ಎಸ್ಸಿ. ಪಡೆದು ಹೊರಬರಬಹುದು. ಮತ್ತೆ 28 ಮಾಡಿದರೆ 142, ಅಂದರೆ ನಾಲ್ಕು ವರ್ಷಕ್ಕೆ ಸಮನಾದ ಬಿ.ಎಸ್. ಈ ಹಂತದಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್, ಡೀಪ್ ಲರ್ನಿಂಗ್‌ನಂಥ ವಿಷಯಗಳ ಜೊತೆ ನಿಮ್ಮ ಇಷ್ಟದ ಐಚ್ಛಿಕ ಕೋರ್ಸ್‌ಗಳಿರುತ್ತವೆ. ಫೌಂಡೇಶನ್‌ಗೆ ಸಾಕೆನಿಸಿದರೆ ಅದಕ್ಕೂ ಒಂದು ಸರ್ಟಿಫಿಕೇಟ್ ಸಿಗುತ್ತದೆ.

ಶುಲ್ಕ, ದಾಖಲೆ

ಇಡೀ ವರ್ಷದ ಹಣ ಒಮ್ಮೆಲೇ ಕಟ್ಟಬೇಕಿಲ್ಲ. ಆ ಟರ್ಮ್‌ನಲ್ಲಿ ಎಷ್ಟು ಕೋರ್ಸ್ ತೆಗೆದುಕೊಂಡಿರೋ ಅಷ್ಟಕ್ಕೆ ಮಾತ್ರ. ಪರಿಶಿಷ್ಟ ಜಾತಿ, ಪಂಗಡ, ಅಂಗವಿಕಲರಿಗೆ ಮತ್ತು ಆದಾಯ ಕಡಿಮೆ ಇರುವವರಿಗೆ ಶೇ 75ರವರೆಗೂ ರಿಯಾಯಿತಿ ಇದೆ. ಇದಕ್ಕೆ ಜಾತಿ, ಆದಾಯ ಪ್ರಮಾಣಪತ್ರ ಬೇಕು. ನಾಡಕಚೇರಿಯಲ್ಲಿ ಮೊದಲೇ ಅರ್ಜಿ ಕೊಟ್ಟು ಮಾಡಿಸಿಕೊಳ್ಳಿ. ಕ್ವಾಲಿಫೈಯರ್‌ನ ನಾಲ್ಕು ವಾರ ಮತ್ತು ಅದರ ಪರೀಕ್ಷೆ ಟರ್ಮ್‌ಗೆ ಮುಂಚೆಯೇ ಮುಗಿಯುವುದರಿಂದ, ಸೆಪ್ಟೆಂಬರ್‌ಗೆ ಸೇರಬೇಕೆನ್ನುವವರು ಪಿಯುಸಿ ಫಲಿತಾಂಶ ಬಂದ ಕೂಡಲೇ ಅರ್ಜಿಯ ಕೊನೆಯ ದಿನಾಂಕ ನೋಡಿಕೊಳ್ಳಬೇಕು.