ಡೌನ್ ಸಿಂಡ್ರೋಮ್ ಇರುವ ಮಗುವಿಗೆ ಮಾತು ಕಲಿಸುವುದು ಹೇಗೆ?

‘ಚಪ್ಪಲಿ ತಗೊಂಡ್ ಬಾ’ ಎಂದರೆ ಮೂರು ವರ್ಷದ ಪುಟ್ಟಿ ಬಾಗಿಲಿನ ಹತ್ತಿರ ಹೋಗಿ ಚಪ್ಪಲಿ ತರುತ್ತಾಳೆ. ಆದರೆ ‘ಚಪ್ಪಲಿ’ ಎನ್ನಲು ಬಾಯಿ ಬರುವುದಿಲ್ಲ. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಒಂದು ಕ್ರೋಮೋಸೋಮ್ ಹೆಚ್ಚಿರುವ ಸ್ಥಿತಿ) ಇರುವ ಮಕ್ಕಳಲ್ಲಿ ಇದು ಸಾಮಾನ್ಯ: ಅರ್ಥವಾಗುವುದು ಹೆಚ್ಚು, ಆಡುವುದು ಕಡಿಮೆ. ಕೇಳಿದ್ದನ್ನು ನೆನಪಿಡುವುದಕ್ಕಿಂತ ಕಂಡದ್ದನ್ನು ನೆನಪಿಡುವುದು ಇವರಿಗೆ ಸುಲಭ.

ಮೊದಲು ಕಿವಿ. ಈ ಮಕ್ಕಳ ಕಿವಿಯ ನಾಳ ಕಿರಿದು. ಕಿವಿ ತಮಟೆಯ ಹಿಂದೆ ಅಂಟು ದ್ರವ ನಿಲ್ಲುವುದು ಹೆಚ್ಚು. ಹೆಚ್ಚಾಗಿ ನೋವಿರುವುದಿಲ್ಲ, ಹಾಗಾಗಿ ಗೊತ್ತೇ ಆಗುವುದಿಲ್ಲ. ಹುಟ್ಟಿದಾಗಿನ ಕಿವಿ ಪರೀಕ್ಷೆಯಲ್ಲಿ ‘ಪಾಸ್’ ಆಗಿದ್ದರೂ ಎಳವೆಯಲ್ಲಿ 6 ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ. ವರ್ಷಕ್ಕೊಮ್ಮೆ ಥೈರಾಯ್ಡ್ ಕೂಡ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ನೋಡುತ್ತಾರೆ.

ಆಮೇಲೆ ಸನ್ನೆ. ಬೇಕು, ಸಾಕು, ಬಾ, ಹಾಲು, ಟಾಟಾ: ಐದು ಸಾಕು. ಸನ್ನೆ ಮಾಡುವಾಗಲೆಲ್ಲ ಪದವನ್ನೂ ಬಾಯಲ್ಲಿ ಹೇಳಬೇಕು. ಸನ್ನೆ ಕಲಿತರೆ ಮಾತು ಬರುವುದಿಲ್ಲ ಎಂಬ ಭಯ ಬೇಡ. ಅದು ಮಾತಿಗೆ ಮೆಟ್ಟಿಲು. ಕೆಡುವುದು ಎಲ್ಲಿ ಅಂದರೆ, ಅಮ್ಮನದು ಒಂದು ಸನ್ನೆ, ಅಜ್ಜಿಯದು ಇನ್ನೊಂದು.

ಈಗ ಊಟದ ಹೊತ್ತು. ಬಾಳೆಹಣ್ಣನ್ನು ಪೂರ್ತಿ ಕೊಡಬೇಡಿ, ಒಂದು ತುಂಡು ಕೊಡಿ. ಉಳಿದದ್ದು ನಿಮ್ಮ ಕೈಯಲ್ಲಿ, ನಿಮ್ಮ ಮುಖದ ಹತ್ತಿರ, ಮಗುವಿನ ಕಣ್ಣಿನ ಮಟ್ಟದಲ್ಲಿ ಇರಲಿ. ‘ಬೇಕಾ?’ ಎಂದು ಕೇಳಿ, ಸುಮ್ಮನಾಗಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಹೆಚ್ಚಿನವರು ಎರಡಕ್ಕೇ ಸೋಲುತ್ತಾರೆ. ಕೈ ಚಾಚಿದರೂ ಸರಿ, ‘ಬೇ’ ಎಂದರೂ ಸರಿ, ‘ಬೇಕು!’ ಎಂದು ಹೇಳಿ ತಕ್ಷಣ ಕೊಡಿ. ‘ಹೇಳು, ಹೇಳು ಪುಟ್ಟಾ’ ಎಂದು ಪೀಡಿಸಿದರೆ ಮಗು ಮುಖ ತಿರುಗಿಸುತ್ತದೆ, ಅಷ್ಟೇ.

ಒಂದು ಪದ ಬಂದ ಮೇಲೆ ಇನ್ನೊಂದನ್ನು ಜೋಡಿಸಿ. ಮಗು ‘ಹಾಲು’ ಎಂದರೆ ನೀವು ‘ಬಿಸಿ ಹಾಲು’. ಕನ್ನಡದಲ್ಲಿ ಅರ್ಥವೆಲ್ಲ ಪದದ ಬಾಲದಲ್ಲಿ: ಮನೆಗೆ, ಮನೆಯಿಂದ, ಮನೇಲಿ. ಈ ಮಕ್ಕಳ ಮಾತಿನಲ್ಲಿ ಉದುರುವುದೂ ಅದೇ ಬಾಲ. ಅದನ್ನು ಸ್ವಲ್ಪ ಎಳೆದು, ಒತ್ತಿ ಹೇಳಿ.

ಮೂರು ವರ್ಷದ ಸುಮಾರಿಗೆ ಓದು ಶುರು ಮಾಡಬಹುದು. ಮಾತೇ ಬಾರದವರಿಗೆ ಓದೇ? ಹೌದು, ಬರೆದ ಪದ ಗಾಳಿಯಲ್ಲಿ ಮಾಯವಾಗುವುದಿಲ್ಲ. ವರ್ಣಮಾಲೆ ಆಮೇಲೆ, ಮೊದಲು ಅಮ್ಮ, ಅಪ್ಪ, ಮಗುವಿನ ಹೆಸರು, ದೊಡ್ಡ ಅಕ್ಷರದ ಕಾರ್ಡುಗಳಲ್ಲಿ. ಒಂದೇ ರೀತಿಯ ಎರಡನ್ನು ಜೋಡಿಸುವುದು, ಕೇಳಿದ್ದನ್ನು ಆರಿಸುವುದು, ಕೊನೆಗೆ ಹೇಳುವುದು, ಈ ಕ್ರಮದಲ್ಲೇ.

‘ನಾಲಿಗೆ ದಪ್ಪ’ ಎನ್ನುವವರಿಗೆ: ಬಾಯಿಯೊಳಗಿನ ಜಾಗ ಚಿಕ್ಕದು, ಸ್ನಾಯು ಸಡಿಲ. ಬಜೆ ತೇಯ್ದು ಹಚ್ಚಿದರೆ ಅದು ಬದಲಾಗದು. ಜೇನುತುಪ್ಪವಂತೂ ಒಂದು ವರ್ಷದೊಳಗೆ ಬೇಡವೇ ಬೇಡ, ಅಪಾಯ.

ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿ, ಹೊಸ ಪದಗಳನ್ನು ತಾರೀಖಿನ ಸಮೇತ ಬರೆಯಿರಿ. ಸನ್ನೆಯನ್ನೂ ಪದವೆಂದೇ ಲೆಕ್ಕ ಹಿಡಿಯಿರಿ. ಮಾತಿನ ಥೆರಪಿಸ್ಟ್ ಹತ್ತಿರ ಹೋಗುವಾಗ ಆ ಹಾಳೆ ಕೈಯಲ್ಲಿರಲಿ.