ಚೀಲಕ್ಕೆ ನಾಲ್ಕು ರೂಪಾಯಿ: ಅಕ್ಕಿ ಗಿರಣಿಯ ದುಡಿಮೆಯಿಂದ ಹನ್ನೆರಡು ಮಕ್ಕಳ ಓದು

ರಾಯಚೂರು ಜಿಲ್ಲೆಯ ಸಿಂಧನೂರು ಭಾಗದ ಅಕ್ಕಿ ಗಿರಣಿಗಳಲ್ಲಿ ಎಲ್ಲ ಲೆಕ್ಕವೂ 75 ಕಿಲೋ ಭತ್ತದ ಚೀಲದ ಮೇಲೆ ನಡೆಯುತ್ತದೆ. ಹಮಾಲಿ, ಲಾರಿ ಬಾಡಿಗೆ, ದಲಾಲಿ ಎಲ್ಲ ಚೀಲಕ್ಕಿಷ್ಟು. ಬಡ ಮಕ್ಕಳ ಓದಿಗೆ ತೆಗೆದಿಡುವ ದುಡ್ಡನ್ನೂ ಗಿರಣಿಯ ಪಾಲುದಾರರಾದ ನಾವು ಅದೇ ಲೆಕ್ಕಕ್ಕೆ ಕಟ್ಟಿದೆವು: ಗಿರಣಿಯಲ್ಲಿ ಇಳಿದ ಪ್ರತಿ ಚೀಲಕ್ಕೆ 4 ರೂಪಾಯಿ. ತಿಂಗಳಿಗೆ ಇಷ್ಟು ಕೊಡುತ್ತೇವೆ ಎಂಬ ಮಾತು ಭತ್ತದ ವ್ಯಾಪಾರದಲ್ಲಿ ನಿಲ್ಲುವುದಿಲ್ಲ. ದುಡ್ಡು ಓಡಾಡುವುದು ಸುಗ್ಗಿಯಲ್ಲಿ, ಮಕ್ಕಳಿಗೆ ಬೇಕಾಗುವುದು ಜೂನ್‌ನಲ್ಲಿ. ಚೀಲ ಇಳಿದ ದಿನವೇ ಕಿರ್ದಿಯಲ್ಲಿ ಬರೆದು, ವಾರಕ್ಕೊಮ್ಮೆ ಬೇರೆ ಬ್ಯಾಂಕ್ ಖಾತೆಗೆ ಹಾಕಿದರೆ ಮಾತ್ರ ಅದು ಉಳಿಯುತ್ತದೆ. ಗಿರಣಿಯ ಚಾಲ್ತಿ ಖಾತೆಯಲ್ಲೇ ಬಿಟ್ಟರೆ ಎಲಿವೇಟರ್ ಬೆಲ್ಟ್ ಹರಿದ ದಿನ ಅದು ಬೆಲ್ಟ್ ಆಗಿಬಿಡುತ್ತದೆ.

ಧರ್ಮಾದಾಯ ಎಂದು ಗಿರಾಕಿಯ ಬಿಲ್ಲಿನಲ್ಲಿ ಸೇರಿಸಿ ವಸೂಲು ಮಾಡುವ ಪದ್ಧತಿ ನಮ್ಮ ಪೇಟೆಗಳಲ್ಲಿ ಹಳೆಯದು. ಅದನ್ನು ನಾವು ಬೇಕೆಂದೇ ಬಿಟ್ಟೆವು. ಬಿಲ್ಲಿನಲ್ಲಿ ಪಡೆದದ್ದು ಊರಿನವರ ದುಡ್ಡು, ನಮ್ಮ ದಾನ ಅಲ್ಲ. ನಾಲ್ಕು ರೂಪಾಯಿ ಪಾಲುದಾರರ ಲಾಭದಿಂದಲೇ ಹೋಗಬೇಕು, ರೈತನ ಚೀಟಿಯಲ್ಲಿ ಅದರ ಗುರುತೂ ಕಾಣಬಾರದು.

ಇನ್ನು ಎಷ್ಟು ಮಕ್ಕಳು ಎಂಬ ಪ್ರಶ್ನೆ. ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಎರಡೂ ಬೆಳೆ ಬಂದ ವರ್ಷ ಗಂಟೆಗೆ ಎರಡು ಟನ್ನಿನ ಗಿರಣಿಗೆ ಸುಮಾರು 60,000 ಚೀಲ ಇಳಿಯುತ್ತವೆ, ಅಂದರೆ 2,40,000 ರೂಪಾಯಿ. ಆ ವರ್ಷದ ಖುಷಿಯಲ್ಲಿ 24 ಮಕ್ಕಳನ್ನು ಹಿಡಿದರೆ ಮುಂದಿನ ವರ್ಷ 12 ಮಕ್ಕಳ ಕೈ ಬಿಡಬೇಕಾಗುತ್ತದೆ. 2023ರ ಬರದಲ್ಲಿ ತುಂಗಭದ್ರಾ ಜಲಾಶಯ ತುಂಬದೆ ಎಡದಂಡೆ ಕಾಲುವೆಗೆ ಎರಡನೇ ಬೆಳೆಯ ನೀರು ಬರಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ಉಸಿರು ಬಿಗಿಹಿಡಿದು ಕೂತಿತ್ತು. ಒಂದೇ ಬೆಳೆಯ ವರ್ಷಕ್ಕೆ ನಾವು ಹಾಕುವ ಅಂದಾಜು 32,000 ಚೀಲ, 1,28,000 ರೂಪಾಯಿ. ಮಕ್ಕಳ ಸಂಖ್ಯೆ ನಿಗದಿಯಾಗಬೇಕಾದದ್ದು ಈ ಕೆಟ್ಟ ವರ್ಷದ ಮೇಲೆ. ನಮಗೆ ಬಂದ ಲೆಕ್ಕ ಹನ್ನೆರಡು. ಒಳ್ಳೆಯ ವರ್ಷ ಉಳಿದ ಒಂದು ಲಕ್ಷ ಚಿಲ್ಲರೆಯನ್ನು ಹೊಸ ಮಕ್ಕಳಿಗೆ ಹಂಚದೆ ಎಫ್‌ಡಿ ಇಡಬೇಕು. ಗಿರಣಿ ಪೂರ್ತಿ ನಿಂತರೂ ಮಕ್ಕಳ ಒಂದು ವರ್ಷ ದಾಟಿಸುವುದು ಆ ಎಫ್‌ಡಿ. ಎಂಟನೇ ತರಗತಿಯಲ್ಲಿ ಹಿಡಿದ ಮಗುವನ್ನು ಒಂಬತ್ತರಲ್ಲಿ ಬಿಡುವುದಕ್ಕಿಂತ ಹಿಡಿಯದಿರುವುದೇ ಮೇಲು. ಶಾಲೆ ಬಿಟ್ಟ ಮಗುವಿಗೆ "ಆ ಸಾವ್ಕಾರ್ರು ಕೈಬಿಟ್ರು" ಎಂಬ ಮಾತೂ ಅಂಟಿಕೊಳ್ಳುತ್ತದೆ.

ಹನ್ನೆರಡು ಮಕ್ಕಳಿಗೆ ವರ್ಷದ ಖರ್ಚು 1,22,400. ಇದರಲ್ಲಿ 60,000 ಸಂಜೆ ಪಾಠದ ಮೇಷ್ಟ್ರಿಗೆ: ತಿಂಗಳಿಗೆ 6,000ದಂತೆ ಹತ್ತು ತಿಂಗಳು. ಉಳಿದದ್ದು ಮಗುವಿಗೆ 5,200ರಂತೆ. 200 ಪುಟದ ದೊಡ್ಡ ನೋಟ್‌ಬುಕ್ 14, ಸಗಟಿನಲ್ಲಿ ಒಂದಕ್ಕೆ 48 ರೂಪಾಯಿ. ಕಂಪಾಸ್ ಪೆಟ್ಟಿಗೆ, ಪೆನ್ನು, ಗ್ರಾಫ್ ಹಾಳೆಗೆ 250. ಎರಡು ಜೊತೆ ಸಮವಸ್ತ್ರದ ಹೊಲಿಗೆಗೆ 700. ಬ್ಯಾಗು ಎರಡು ವರ್ಷಕ್ಕೊಂದು, ವರ್ಷದ ಪಾಲು 300. ಬಸ್ ಪಾಸ್ ಇಲ್ಲವೇ ಸೈಕಲ್ ರಿಪೇರಿಗೆ 600, ಕಣ್ಣು-ಹಲ್ಲು ತಪಾಸಣೆಗೆ 300, ಪರೀಕ್ಷಾ ಶುಲ್ಕ, ಪ್ರಮಾಣಪತ್ರ, ನಾಡಕಚೇರಿಗೆ ಓಡಾಟ ಸೇರಿ 500. ಮಿಕ್ಕ ಸುಮಾರು 1,875 ಗುಳೆ ತಿಂಗಳುಗಳ ಕಾಳುಕಡಿಗೆ. ಆ ಕೊನೆಯ ಬಾಬ್ತೇ ಇಡೀ ಕೆಲಸದ ಜೀವಾಳ.

ಪಠ್ಯಪುಸ್ತಕ, ಬಿಸಿಯೂಟ, ಹಾಲು, ಸಮವಸ್ತ್ರದ ಬಟ್ಟೆ ಸರ್ಕಾರಿ ಶಾಲೆಯಲ್ಲಿ ಬರುತ್ತವೆ. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ಸೂ ಉಚಿತ. ಅದನ್ನೇ ಮತ್ತೆ ಕೊಡುವುದು ದುಡ್ಡು ದಂಡ. ನಮ್ಮ ಜಿಲ್ಲೆಯಲ್ಲಿ ಮಗು ಶಾಲೆ ಬಿಡುವುದು ಪುಸ್ತಕ ಇಲ್ಲವೆಂದಲ್ಲ, ಅಪ್ಪ-ಅಮ್ಮ ಗುಳೆ ಹೋದಾಗ ಮನೆಯಲ್ಲಿ ಯಾರೂ ಇಲ್ಲವೆಂದು. ಕಾಲುವೆಯ ಕೊನೆ ಭಾಗದ ಊರುಗಳು, ಮಸ್ಕಿ-ಲಿಂಗಸುಗೂರು-ದೇವದುರ್ಗದ ಒಣ ಬೇಸಾಯದ ಊರುಗಳಿಂದ ಜನ ಬೆಂಗಳೂರು, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಎಳ್ಳಮಾವಾಸ್ಯೆಯ ಹೊತ್ತಿಗೆ ಎಷ್ಟೋ ಮನೆಗಳಿಗೆ ಬೀಗ. ಮಗುವನ್ನು ಅಜ್ಜಿಯ ಬಳಿ ಬಿಡಬಹುದು, ಆದರೆ ಅಜ್ಜಿಯ ಮನೆಯ ಕಾಳು ಅಜ್ಜಿಗೇ ಸಾಲದು. ಪಡಿತರ ಚೀಟಿ ಒಂದೇ ಇರುತ್ತದೆ. ತಾಯಿ ಬೆಂಗಳೂರಿನಲ್ಲಿ ಬೆರಳು ಒತ್ತಿ ಪೂರ್ತಿ ಅಕ್ಕಿ ಪಡೆದರೆ ಇಲ್ಲಿ ಆ ಮಗುವಿನ ಪಾಲು ಇರುವುದಿಲ್ಲ.

ಇದಕ್ಕೆ ನಾವು ಮಾಡಿಕೊಂಡ ವ್ಯವಸ್ಥೆ: ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ, ಗುಳೆ ಹೋಗದೆ ಊರಲ್ಲೇ ಉಳಿದ ಮಗು ಇರುವ ಮನೆಗೆ ತಿಂಗಳಿಗೆ 10 ಕಿಲೋ ಅಕ್ಕಿ, 5 ಕಿಲೋ ಜೋಳ, 1 ಕಿಲೋ ತೊಗರಿಬೇಳೆ, 1 ಲೀಟರ್ ಎಣ್ಣೆ, ಸೋಪು. ಒಟ್ಟು ಸುಮಾರು 900 ರೂಪಾಯಿ, ಐದು ತಿಂಗಳಿಗೆ 4,500. ಹನ್ನೆರಡರಲ್ಲಿ ಐದು ಮಕ್ಕಳಿಗೆ ಇದು ಬೇಕಾಗುತ್ತದೆ ಎಂದು ಅಂದಾಜು ಹಾಕಿದ್ದರಿಂದ ತಲಾ 1,875 ಬಂತು. ಅಕ್ಕಿಯನ್ನು 10 ಕಿಲೋಕ್ಕಿಂತ ಹೆಚ್ಚು ಕೊಡುವುದಿಲ್ಲ. ಹೆಚ್ಚಾದದ್ದು ಅಂಗಡಿಗೆ ಹೋಗುತ್ತದೆ. ಜೋಳ ಮಾತ್ರ ತಪ್ಪಿಸಬಾರದು, ಅಜ್ಜಿಯರು ಕೇಳುವುದೇ ರೊಟ್ಟಿ ಹಿಟ್ಟನ್ನು. ಗಿರಣಿಯ ಅಕ್ಕಿ ಕೊಟ್ಟರೆ ದಾಸ್ತಾನು ಪುಸ್ತಕದಲ್ಲಿ ಅಂದೇ ಬರೆಯಬೇಕು, ಇಲ್ಲದಿದ್ದರೆ ವರ್ಷದ ಕೊನೆಗೆ ಸ್ಟಾಕು ತಾಳೆಯಾಗುವುದಿಲ್ಲ.

ಮಗುವನ್ನು ಕರೆದುಕೊಂಡೇ ಹೋಗುವ ಮನೆಗಳೂ ಇವೆ. ತಡೆಯಲು ನಮಗೆ ಹಕ್ಕಿಲ್ಲ. ಅಂಥವರ ಕೈಗೆ ಒಂದು ಚೀಟಿ ಬರೆದುಕೊಡುತ್ತೇವೆ: ಮಗುವಿನ ಹೆಸರು, ತರಗತಿ, ಎಸ್‌ಎಟಿಎಸ್ ಸಂಖ್ಯೆ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಆ ಮಗುವಿನ ಗುರುತಿನ ಸಂಖ್ಯೆ), ಮುಖ್ಯ ಗುರುಗಳ ಫೋನ್. ಶಿಕ್ಷಣ ಹಕ್ಕು ಕಾಯ್ದೆಯಂತೆ 14 ವರ್ಷದವರೆಗೆ ಟಿಸಿ ಇಲ್ಲವೆಂದು ಸರ್ಕಾರಿ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಆ ಚೀಟಿ ಹಿಡಿದು ಕಟ್ಟಡ ಕೆಲಸದವರ ಶೆಡ್ಡಿನ ಹತ್ತಿರದ ಶಾಲೆಗೆ ಸೇರಿದರೆ ಹಾಜರಿ ಮುಂದುವರಿಯುತ್ತದೆ. ಎಸ್ಸೆಸ್ಸೆಲ್ಸಿಗೆ ಶೇ 75 ಹಾಜರಿ ಬೇಕು, ಗುಳೆ ಹೋದ ಮಕ್ಕಳು ಸಿಕ್ಕಿಬೀಳುವುದು ಇಲ್ಲಿಯೇ.

ಆಯ್ಕೆಯಲ್ಲಿ ಅಂಕ ನೋಡಬೇಡಿ. ಏಳನೇ ತರಗತಿ ಮುಗಿಯುವ ಏಪ್ರಿಲ್‌ನಲ್ಲಿ, ಎಸ್‌ಡಿಎಂಸಿಯವರೂ (ಪೋಷಕರ ಶಾಲಾಭಿವೃದ್ಧಿ ಸಮಿತಿ) ಇರುವಾಗ, ಮುಖ್ಯ ಗುರುಗಳ ಬಳಿ ಕೂತು ಹಿಂದಿನ ಎರಡು ವರ್ಷದ ತಿಂಗಳವಾರು ಹಾಜರಿ ನೋಡಬೇಕು. ನವೆಂಬರ್‌ವರೆಗೆ 20-22 ದಿನ ಬಂದು, ಜನವರಿಯಲ್ಲಿ 6, ಫೆಬ್ರವರಿಯಲ್ಲಿ 4ಕ್ಕೆ ಇಳಿದ ಹೆಸರುಗಳೇ ನಮಗೆ ಬೇಕಾದವು. ಹೈಸ್ಕೂಲ್ ಪಕ್ಕದ ಊರಿನಲ್ಲಿದ್ದರೆ ಆ ಮಗು ಎಂಟಕ್ಕೆ ಹೋಗುವುದೇ ಅನುಮಾನ. ಮನೆಗೆ ಹೋದಾಗ "ನಿಮಗೇನು ಕಷ್ಟ" ಎಂದು ಕೇಳಬಾರದು. ಯಾರ್ಯಾರು ದುಡಿಯಲು ಹೋಗುತ್ತೀರಿ, ಮಗು ಯಾರ ಬಳಿ ಇರುತ್ತದೆ, ಕೆಲಸಕ್ಕೆ ಕರೆದೊಯ್ಯುವ ಮೇಸ್ತ್ರಿಯ ಮುಂಗಡ ಎಷ್ಟಿದೆ, ಈ ಮೂರು ಸಾಕು. ಮುಂಗಡ ದೊಡ್ಡದಿದ್ದರೆ ಮಗುವನ್ನೂ ಕೆಲಸಕ್ಕೆ ಎಳೆಯುವ ಭಯ ಇದೆ ಎಂದರ್ಥ, ಆ ಮನೆ ಮೊದಲು.

ಈ ಕೆಲಸಕ್ಕೆ ಹೊಸದಾಗಿ ಕೈಹಾಕುವ ಗಿರಣಿಯವರು ಇನ್ನೊಂದು ವಿಷಯ ಗಟ್ಟಿಯಾಗಿ ಹಿಡಿಯಬೇಕು. ನಮ್ಮ ಹಮಾಲರ ಮಕ್ಕಳೂ ಈ ಹನ್ನೆರಡರಲ್ಲಿ ಇರಬಹುದು, ಆದರೆ ಅಪ್ಪನ ಕೆಲಸಕ್ಕೂ ಮಗುವಿನ ನೆರವಿಗೂ ಗಂಟು ಹಾಕಬಾರದು. ಹಮಾಲ ನಾಳೆ ಬೇರೆ ಗಿರಣಿಗೆ ಹೋದರೂ ಮಗುವಿನ ನೋಟ್‌ಬುಕ್ ನಿಲ್ಲಬಾರದು. ಅದನ್ನು ಕನ್ನಡದಲ್ಲಿ ಬರೆದು, ಓದಿ ಹೇಳಿ, ಒಂದು ಪ್ರತಿ ಮನೆಯವರಿಗೆ ಕೊಡುತ್ತೇವೆ. ಓದಿಸುತ್ತಿದ್ದೇವೆ ಎಂಬ ಋಣದಲ್ಲಿ ಒಬ್ಬ ಮನುಷ್ಯನನ್ನು ಕಡಿಮೆ ಕೂಲಿಗೆ ಕಟ್ಟಿಹಾಕಿದರೆ ಅದು ಜೀತವೇ, 1976ರ ಕಾಯ್ದೆ ನಿಷೇಧಿಸಿದ್ದೂ ಅಂಥದ್ದನ್ನೇ.

ನಗದು ಕೊಡುವುದಿಲ್ಲ. ಒಬ್ಬ ದಾನಿಗೆ ಒಂದು ಮಗು ಎಂದು ಹಂಚುವುದೂ ಇಲ್ಲ. ಒಂದು ಮಗುವಿಗೆ ವಾಚು, ಇನ್ನೊಂದಕ್ಕೆ ಪೆನ್ಸಿಲ್ ಎಂದಾದರೆ ತರಗತಿಯಲ್ಲಿ ಇಬ್ಬರೂ ಕುಗ್ಗುತ್ತಾರೆ. ಬ್ಯಾಗಿನ ಮೇಲೆ ಗಿರಣಿಯ ಹೆಸರು ಅಚ್ಚು ಹಾಕಿಸಬೇಡಿ. ಹನ್ನೆರಡು ಮಕ್ಕಳು ಒಂದೇ ಬಣ್ಣದ, ಒಂದೇ ಹೆಸರಿನ ಬ್ಯಾಗು ಹಾಕಿಕೊಂಡು ಬಂದರೆ ಇವರು ಯಾರೆಂದು ಇಡೀ ಶಾಲೆಗೆ ಗೊತ್ತಾಗುತ್ತದೆ. ನಾವು ಅಂಗಡಿಗೆ ಕರೆದೊಯ್ದು ಅವರವರ ಇಷ್ಟದ ಬಣ್ಣ ಆರಿಸಲು ಬಿಡುತ್ತೇವೆ. ಫೋಟೊ ಹಾಕುವುದಿಲ್ಲ, ಕ್ಯಾಲೆಂಡರಿನಲ್ಲೂ ಇಲ್ಲ. ಗಿರಣಿಯವರು ಯಾರೂ ಮಗುವನ್ನು ಒಂಟಿಯಾಗಿ ಭೇಟಿಯಾಗಬಾರದು. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಪಾಠದ ಕೋಣೆಯ ಗೋಡೆಗೆ ದೊಡ್ಡದಾಗಿ ಬರೆಸಬೇಕು.

ಸಂಜೆ ಪಾಠ ಶಾಲೆಯಲ್ಲೇ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಲಿಖಿತ ಒಪ್ಪಿಗೆ ಪಡೆದು, ಶಾಲೆ ಬಿಟ್ಟ ತಕ್ಷಣ ಒಂದೂವರೆ ಗಂಟೆ. ಕತ್ತಲಾದ ಮೇಲೆ ಇಟ್ಟರೆ ಹುಡುಗಿಯರು ಬರುವುದಿಲ್ಲ. ತಿನ್ನಲು ಮಂಡಕ್ಕಿ, ಹುರಿಗಡಲೆ, ಬಾಳೆಹಣ್ಣು. ಎಂಟನೇ ತರಗತಿಯ ಮಕ್ಕಳಿಗೆ ಎಂಟನೇ ತರಗತಿಯ ಗಣಿತದಿಂದ ಶುರು ಮಾಡಿದರೆ ಕೆಲಸ ಕೆಡುತ್ತದೆ. ಎಷ್ಟೋ ಮಕ್ಕಳಿಗೆ ಭಾಗಾಕಾರದಲ್ಲಿ ಸೊನ್ನೆ ಎಲ್ಲಿ ಬರಬೇಕೆಂದು ಗೊತ್ತಿರುವುದಿಲ್ಲ: 816ನ್ನು 8ರಿಂದ ಭಾಗಿಸಿ 12 ಎಂದು ಬರೆಯುತ್ತಾರೆ, 102 ಎಂದಲ್ಲ. ಮೊದಲ ಮೂರು ತಿಂಗಳು ನಾಲ್ಕನೇ ತರಗತಿಯ ಲೆಕ್ಕವೇ ನಡೆಯಲಿ. ಬಿ.ಎಡ್ ಮಾಡಿದ ಸ್ಥಳೀಯರಿಗೆ ಬೇರೆ ಕೆಲಸ ಸಿಕ್ಕರೆ ನಡುವೆ ಬಿಟ್ಟುಹೋಗುತ್ತಾರೆ, ಅದು ಅವರ ತಪ್ಪಲ್ಲ. ಇನ್ನೊಬ್ಬರನ್ನು ಜೂನ್‌ನಲ್ಲೇ ಗೊತ್ತು ಮಾಡಿಟ್ಟಿರಬೇಕು. ಸಂಬಳ ಪ್ರತಿ ತಿಂಗಳು 5ನೇ ತಾರೀಖಿಗೆ ಬ್ಯಾಂಕಿಗೆ ಹೋಗಬೇಕು.

ನಮ್ಮ 5,200ಕ್ಕಿಂತ ದೊಡ್ಡ ಮೊತ್ತ ಸರ್ಕಾರದಲ್ಲೇ ಇದೆ, ಅದನ್ನು ಮಗುವಿಗೆ ತಲುಪಿಸುವುದು ದಾನಕ್ಕಿಂತ ಕಡಿಮೆ ಕೆಲಸವಲ್ಲ. ತಂದೆ ಇಲ್ಲದ ಮಗುವಿಗೆ ಮಕ್ಕಳ ರಕ್ಷಣೆಯ ಕೇಂದ್ರ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗಬಹುದು. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ಮೀರಿರಬಾರದು, ಅರ್ಜಿ ರಾಯಚೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಮಂಜೂರಾಗುವವರೆಗೆ ನಮ್ಮ ನೆರವು ನಿಲ್ಲಿಸುವುದಿಲ್ಲ. ವಿದ್ಯಾರ್ಥಿವೇತನ ಬಾರದೆ ಇರುವುದಕ್ಕೆ ನಾವು ಕಂಡ ದೊಡ್ಡ ಕಾರಣ ಹೆಸರು. ಶಾಲೆಯ ದಾಖಲೆಯಲ್ಲಿ ಹುಲಿಗೆಮ್ಮ, ಆಧಾರ್‌ನಲ್ಲಿ ಹುಲಗಮ್ಮ ಎಂದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಎರಡನೆಯದು, ಹಣ ಆಧಾರ್‌ಗೆ ಕೊನೆಯ ಬಾರಿ ಜೋಡಿಸಿದ ಖಾತೆಗೆ ಹೋಗುತ್ತದೆ, ಮನೆಯವರು ಹಳೆಯ ಪಾಸ್‌ಬುಕ್ ಹಿಡಿದು ಕಾಯುತ್ತಾರೆ. ಅಂಚೆಯಣ್ಣನನ್ನು ಕರೆಸಿ ಅಂಚೆ ಪೇಮೆಂಟ್ಸ್ ಬ್ಯಾಂಕಿನ ಖಾತೆಯನ್ನು ಮನೆಯಲ್ಲೇ ತೆರೆಸಿ ಜೋಡಿಸಿದರೆ ಈ ತೊಡಕು ತಪ್ಪುತ್ತದೆ. ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆಯನ್ನು (ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಸಂಖ್ಯೆ) ಬೇರೆ ಕಡೆಯೂ ಬರೆದಿಡಿ. ಕಾಗದ ಕಳೆದರೂ ಸಂಖ್ಯೆ ಇದ್ದರೆ ಕೆಲಸ ನಡೆಯುತ್ತದೆ.

ತೆರಿಗೆಯ ಮಾತು ಚಿಕ್ಕದು. ನೇರವಾಗಿ ಮಕ್ಕಳಿಗೆ ಖರ್ಚು ಮಾಡಿದ್ದಕ್ಕೆ ವಿನಾಯಿತಿ ಇಲ್ಲ, ಅದನ್ನು ಗಿರಣಿಯ ಖರ್ಚಿನಲ್ಲಿ ತೋರಿಸಬೇಡಿ, ಪಾಲುದಾರರ ಹೆಸರಿಗೆ ಬರೆಯಿರಿ. ನೋಂದಾಯಿತ ಟ್ರಸ್ಟಿನ ಮೂಲಕ ಕೊಟ್ಟರೆ (ಹಳೆಯ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 80ಜಿ) ಸಾಮಾನ್ಯವಾಗಿ ದಾನದ ಅರ್ಧಕ್ಕೆ ವಿನಾಯಿತಿ ಉಂಟು, ಆದಾಯದ ಶೇ 10ರ ಮಿತಿಯೊಳಗೆ. 2,000 ರೂಪಾಯಿ ಮೀರಿದ ನಗದಿಗೂ, ವಸ್ತು ರೂಪದ ದಾನಕ್ಕೂ ಇಲ್ಲ. ಟ್ರಸ್ಟ್ ಕೊಡಬೇಕಾದದ್ದು ಬರೀ ರಸೀದಿಯಲ್ಲ, ದಾನದ ಪ್ರಮಾಣಪತ್ರ (ಹಳೆಯ ಕಾಯ್ದೆಯಲ್ಲಿ 10ಬಿಇ). 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ಆಡಿಟರ್ ಬಳಿ ಕೇಳಿಯೇ ಬರೆಯಿರಿ. ಸಿಎಸ್‌ಆರ್ (ಕಂಪನಿಗಳು ಸಮಾಜಕ್ಕಾಗಿ ಮಾಡಬೇಕಾದ ಖರ್ಚು) ಕಡ್ಡಾಯವಾಗುವುದು ನಿವ್ವಳ ಲಾಭ 5 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಸಂಪತ್ತು 500 ಕೋಟಿ ಮುಟ್ಟಿದ ಕಂಪನಿಗಳಿಗೆ. ಪಾಲುದಾರಿಕೆಯ ಗಿರಣಿಗೆ ಅದು ಅನ್ವಯಿಸದು.

ಹತ್ತನೇ ತರಗತಿಯಲ್ಲಿ ಫೇಲಾದ ಮಗುವನ್ನು ಪಟ್ಟಿಯಿಂದ ತೆಗೆಯಬಾರದು. 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಮೊದಲನೆಯದರ ಫಲಿತಾಂಶ ಬಂದ ದಿನವೇ ಎರಡನೆಯದಕ್ಕೆ ಶುಲ್ಕ ಕಟ್ಟಬೇಕು. ಒಂದು ವಾರ ತಡವಾದರೆ ಹುಡುಗ ಬೆಂಗಳೂರಿನ ಬಸ್ ಹತ್ತಿರುತ್ತಾನೆ. ಮೇಷ್ಟ್ರ ಹತ್ತು ತಿಂಗಳನ್ನು ಜೂನ್‌ನಿಂದ ಮಾರ್ಚ್‌ವರೆಗೆ ಮುಗಿಸದೆ, ತಡವಾಗಿ ಶುರು ಮಾಡಿ ಎರಡನೇ ಪರೀಕ್ಷೆಯವರೆಗೆ ಎಳೆದರೆ ಈ ಮಕ್ಕಳಿಗೆ ಪಾಠ ಸಿಗುತ್ತದೆ.

ಪಾಸಾದವರಿಗೆ ಕೂಡಲೇ ಹಾಸ್ಟೆಲ್ ಅರ್ಜಿ. ಹಿಂದುಳಿದ ವರ್ಗದ ಮಗುವಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ, ಅಂದರೆ ಊಟ-ವಸತಿಗೆ ಸರ್ಕಾರ ಕೊಡುವ ನೆರವು. ಜೊತೆಗೆ ಲಿಂಗಸುಗೂರಿನ ಸಹಾಯಕ ಆಯುಕ್ತರ ಕಚೇರಿಯಿಂದ 371ಜೆ ಪ್ರಮಾಣಪತ್ರ (ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ), ಅದಕ್ಕೆ ಓದಿದ ಶಾಲೆಗಳ ವ್ಯಾಸಂಗ ಪ್ರಮಾಣಪತ್ರ ಬೇಕು. ಎಂಟನೇ ತರಗತಿಯಿಂದ ಕೂಡಿಟ್ಟ ಮೂಲ ಕಾಗದಗಳೆಲ್ಲ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಇರುತ್ತವೆ. ಪಿಯುಸಿಗೆ ಸೇರುವ ದಿನ ಆ ಫೈಲನ್ನು ತಾಯಿಯ ಎದುರು ಮಗುವಿನ ಕೈಗೇ ಕೊಟ್ಟು, ಒಳಗಿನ ಪಟ್ಟಿಗೆ ಸಹಿ ಹಾಕಿಸಿಕೊಂಡು, ಗಿರಣಿಯ ಕಪಾಟಿನಲ್ಲಿ ನೆರಳಚ್ಚು ಮಾತ್ರ ಉಳಿಸಿಕೊಳ್ಳುತ್ತೇವೆ.